ಇಲಿಯ ಎದೆಬಡಿತ, ತುಮಕೂರಿನ ಕೆಮ್ಮು ಮತ್ತು ಹಾಲಿನ ಲೆಕ್ಕದ ಕ್ಯಾಲೆಂಡರ್

ಬೆಳಿಗ್ಗೆ ರಿಜಿಸ್ಟ್ರೇಷನ್ ಟೇಬಲ್ ಹತ್ರ ನಿಂತಿದ್ದಾಗ ಒಬ್ಬಳು ಹುಡುಗಿ ಬಂದು, ಮೇಡಂ ನೀವು ಇವತ್ತು ಮಾತಾಡ್ತೀರಲ್ಲ ಆ ಅವಾರ್ಡಿಗೆ ಲಾಸ್ಟ್ ಡೇಟ್ ಯಾವಾಗ, ಫಾರಂ ಎಲ್ಲಿ ಸಿಗುತ್ತೆ ಅಂತ ಕೇಳಿದ್ಲು. ನಗು ಬಂತು, ಆದ್ರೆ ತಪ್ಪು ಅವಳದಲ್ಲ, ಅವಾರ್ಡ್ ಅಂದ ತಕ್ಷಣ ನಮ್ಮೆಲ್ಲರ ತಲೆಗೆ ಮೊದಲು ಬರೋದೇ ಡೆಡ್‌ಲೈನು, ಆಮೇಲೆ ದುಡ್ಡೆಷ್ಟು, ಆಮೇಲೆ ಸಿವಿಯಲ್ಲಿ ಎಲ್ಲಿ ಹಾಕೋದು ಅನ್ನೋದು. ಅವಾರ್ಡಿಗೆ ಯಾರ ಹೆಸರಿಟ್ಟಿದ್ದಾರೆ, ಆ ಮನುಷ್ಯ ಇದ್ದಾಗ ಏನ್ ಮಾಡ್ತಿದ್ದ, ಅದನ್ನ ಯಾರೂ ಕೇಳಲ್ಲ. ಸರ್ಕಲ್‌ಗೆ ಹೆಸರಿಟ್ಟ ಹಾಗೆ ಅದು, ದಿನಾ ಅದೇ ಸರ್ಕಲ್ ಸುತ್ತಿ ಆಫೀಸಿಗೆ ಹೋಗ್ತೀವಿ, ಬೋರ್ಡಲ್ಲಿರೋ ಪುಣ್ಯಾತ್ಮ ಯಾರು ಅಂತ ಮಗು ಕೇಳಿದ್ರೆ ಆಟೋದವನ ಮುಖ ನೋಡ್ತೀವಿ. ಇವತ್ತು ನಾನು ಮಾತಾಡೋದು ಆ ಬೋರ್ಡಿನ ಹೆಸರಿನ ಬಗ್ಗೆ, ಹೆಲ್ತ್ ಬಿಹೇವಿಯರ್ ಕ್ಷೇತ್ರದ ಎಳೆಯ ಸಂಶೋಧಕರಿಗೆ ಕೊಡೋ ಒಂದು ಅವಾರ್ಡು, ಅದಕ್ಕೆ ಹೆಸರಾದ ನೀಲ್ ಮಿಲ್ಲರ್ ಅನ್ನೋ ಅಮೆರಿಕದ ಸೈಕಾಲಜಿಸ್ಟು. ಫಾರಂ ವಿಷಯ ಕೊನೆಗೆ ಬರ್ತೀನಿ.

ಮೊದಲು ಈ ಹೆಲ್ತ್ ಬಿಹೇವಿಯರ್ ಅಂದ್ರೆ ಏನು ಅಂತ ಎರಡು ಮಾತು, ಯಾಕಂದ್ರೆ ಇಲ್ಲಿ ನರ್ಸಿಂಗ್‌ನವರು, ಸೋಷಿಯಲ್ ವರ್ಕ್‌ನವರು, ಸೈಕಾಲಜಿಯವರು ಎಲ್ಲಾ ಇದ್ದೀರಿ, ಒಬ್ಬೊಬ್ಬರ ಪುಸ್ತಕದಲ್ಲಿ ಒಂದೊಂದು ಡೆಫಿನಿಷನ್ ಇರುತ್ತೆ. ನಾನು ಡೆಫಿನಿಷನ್ ಹೇಳಲ್ಲ, ನಮ್ಮ ಚಿಕ್ಕಮ್ಮನ ಡಬ್ಬಿ ತೋರಿಸ್ತೀನಿ. ಚಿಕ್ಕಮ್ಮನಿಗೆ ಬಿಪಿ. ಮಾತ್ರೆ ಇರೋದು ಹಳೇ ಬೋರ್ನ್‌ವೀಟಾ ಡಬ್ಬೀಲಿ, ಡಬ್ಬಿ ಇರೋದು ದೇವರ ಮನೆ ಪಕ್ಕದ ಗೂಡಲ್ಲಿ. ಡಾಕ್ಟರು ದಿನಕ್ಕೊಂದು ಅಂದಿದ್ದಾರೆ. ಚಿಕ್ಕಮ್ಮನ ಲೆಕ್ಕ ಬೇರೆ. ತಲೆ ಸುತ್ತಿದ ದಿನ ಒಂದು, ಸುತ್ತದ ದಿನ ಅರ್ಧ, ಏಕಾದಶಿ ದಿನ ಇಲ್ಲವೇ ಇಲ್ಲ. ಅರ್ಧ ಹೇಗೆ ಮಾಡ್ತಾರೆ ಅಂದ್ರೆ ಅಡಕತ್ತರಿಯಲ್ಲಿ ಕಟಕ್ ಅಂತ, ಅಡಿಕೆ ಕತ್ತರಿಸಿದ ಹಾಗೆ, ಆಮೇಲೆ ಆ ಕತ್ತರಿಯನ್ನ ಸೆರಗಲ್ಲಿ ಒರೆಸಿ ಎಲೆ ತಟ್ಟೆಗೆ ವಾಪಸ್. ಡಾಕ್ಟರ್ ಹತ್ರ ಹೋದಾಗ, ದಿನಾ ತಗೋತೀರಾ ಅಮ್ಮ ಅಂದ್ರೆ, ಓ ತಪ್ಪಿಸಲ್ಲಪ್ಪ ಅಂತಾರೆ. ಅದು ಅವರ ಪ್ರಕಾರ ಸುಳ್ಳಲ್ಲ, ತಪ್ಪಿಸಿಲ್ಲ, ಡಬ್ಬಿ ದಿನಾ ತೆಗೀತಾರಲ್ಲ! ಡಾಕ್ಟರು ಬಿಪಿ ಕಂಟ್ರೋಲ್ ಆಗಿಲ್ಲ ಅಂತ ಡೋಸ್ ಜಾಸ್ತಿ ಮಾಡ್ತಾರೆ. ಈಗ ಅರ್ಧ ಮಾಡೋಕೆ ಇನ್ನೂ ದೊಡ್ಡ ಮಾತ್ರೆ ಸಿಕ್ಕಿತು ಅಷ್ಟೆ. ಮಾತ್ರೆ ಕಂಡುಹಿಡಿಯೋದು ಒಂದು ವಿಜ್ಞಾನ, ಆ ಮಾತ್ರೆ ಗೂಡಿನಿಂದ ಬಾಯಿಗೆ ಹೋಗೋ ದಾರೀಲಿ ಏನೇನಾಗುತ್ತೆ ಅನ್ನೋದು ಇನ್ನೊಂದು ವಿಜ್ಞಾನ. ಎರಡನೇದೇ ನಮ್ಮದು.

ಈ ಎರಡನೇ ವಿಜ್ಞಾನದಲ್ಲಿ ಈಗ ತಾನೇ ಕಾಲಿಟ್ಟವರಿಗೆ, ಅಂದ್ರೆ ಪಿಎಚ್‌ಡಿ ಮುಗಿದು ಕೆಲವೇ ವರ್ಷ ಆದವರಿಗೆ, ಅಂತಲೇ ಕೊಡೋ ಅವಾರ್ಡುಗಳು ಅಮೆರಿಕದಲ್ಲಿ ಕೆಲವಿವೆ. ಅಲ್ಲಿನ ಅಮೆರಿಕನ್ ಅಕಾಡೆಮಿ ಆಫ್ ಹೆಲ್ತ್ ಬಿಹೇವಿಯರ್ ಅಂತ ಒಂದು ಸಂಸ್ಥೆ, 1998ರಲ್ಲಿ ಶುರುವಾಗಿದ್ದು, ಹೆಲ್ತ್ ಎಜುಕೇಷನ್ ಅಂದ್ರೆ ಬರೀ ಪಾಠ ಮಾಡೋದು, ಚಾರ್ಟ್ ತೋರ್ಸೋದು ಅಂತಾಗಿಬಿಟ್ಟಿದೆ, ರಿಸರ್ಚ್ ಬೇಕು ಅಂತಲೇ ಕಟ್ಟಿಕೊಂಡಿದ್ದು, ಅವರು ಜೂಡಿ ಕೆ. ಬ್ಲ್ಯಾಕ್ ಅನ್ನೋ ಹೆಸರಲ್ಲಿ ಎಳೆಯ ಸಂಶೋಧಕರಿಗೆ ಅವಾರ್ಡ್ ಕೊಡ್ತಾರೆ. ಇನ್ನೊಂದು, ಅಕಾಡೆಮಿ ಆಫ್ ಬಿಹೇವಿಯರಲ್ ಮೆಡಿಸಿನ್ ರಿಸರ್ಚ್‌ನವರದು, ನೀಲ್ ಮಿಲ್ಲರ್ ಹೆಸರಿನ ನ್ಯೂ ಇನ್ವೆಸ್ಟಿಗೇಟರ್ ಅವಾರ್ಡ್. ನಮ್ಮಲ್ಲೂ ಐಸಿಎಂಆರ್‌ನವರು, ಅಂದ್ರೆ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿಯವರು, ನಲವತ್ತರೊಳಗಿನವರಿಗೆ ಶಕುಂತಲಾ ಅಮೀರ್ ಚಂದ್ ಹೆಸರಲ್ಲಿ ಕೊಡ್ತಿದ್ದದ್ದುಂಟು, ಆದ್ರೆ ಅದು ಒಟ್ಟಾರೆ ಮೆಡಿಕಲ್ ರಿಸರ್ಚಿಗೆ. ಇವತ್ತು ನಾನು ಹಿಡ್ಕೊಂಡಿರೋದು ಮಿಲ್ಲರ್ ಅವಾರ್ಡನ್ನ. ಯಾಕೆ ಅಂದ್ರೆ ಆ ಮನುಷ್ಯನ ಕಥೆ ಗೊತ್ತಿದ್ರೆ, ಈ ಅವಾರ್ಡ್ ತಗೊಳ್ಳೋದಕ್ಕೆ ಸ್ವಲ್ಪ ಭಯ ಆಗ್ಬೇಕು.

ನೀಲ್ ಮಿಲ್ಲರ್ ಹುಟ್ಟಿದ್ದು 1909ರಲ್ಲಿ, ಮಿಲ್ವಾಕಿಯಲ್ಲಿ. ಯೇಲ್‌ನಲ್ಲಿ 1935ರಲ್ಲಿ ಪಿಎಚ್‌ಡಿ. ಅದಾದ ಮೇಲೆ ವಿಯೆನ್ನಾಗೆ ಹೋಗ್ತಾರೆ, ಫ್ರಾಯ್ಡ್ ಊರಲ್ಲವಾ, ಸೈಕೋಅನಾಲಿಸಿಸ್, ಅದೇ ಮಾತಾಡಿಸಿ ಮಾತಾಡಿಸಿ ಒಳಮನಸ್ಸನ್ನ ಹೊರಗೆ ತರೋ ಚಿಕಿತ್ಸೆ, ಅದು ಏನು ಅಂತ ಖುದ್ದು ಸೋಫಾ ಮೇಲೆ ಮಲಗಿ ನೋಡಿಬಿಡೋಣ ಅಂತ. ಫ್ರಾಯ್ಡ್ ಹತ್ರಾನೇ ಹೋಗಬಹುದಿತ್ತು, ಆದ್ರೆ ಗಂಟೆಗೆ 20 ಡಾಲರ್ ಫೀಸು, ಅಷ್ಟು ದುಡ್ಡಿರಲಿಲ್ಲ ಅಂತ ಆಮೇಲೆ ಹೇಳ್ಕೊಳ್ತಿದ್ದರಂತೆ, ಹಾಗಾಗಿ ಹೈಂಜ್ ಹಾರ್ಟ್‌ಮನ್ ಅನ್ನೋರ ಹತ್ರ ಹೋದ್ರು. ಸ್ಟೈಪೆಂಡ್ ಲೇಟಾಗಿ ಬರುತ್ತೆ ಅಂತ ಗೋಳಾಡೋರೆಲ್ಲ ಇದನ್ನ ನೆನಪಿಟ್ಕೊಳಿ, ಅರ್ಲಿ ಕರಿಯರ್ ಅಂದ್ರೆ ಎಲ್ಲಾ ಕಾಲದಲ್ಲೂ ಇಷ್ಟೇ. ಆಮೇಲೆ ವಾಪಸ್ ಬಂದು ಇಲಿ ಹಿಡ್ಕೊಂಡು ಕೂತ್ರು. ಭಯ ಅನ್ನೋದನ್ನ ಕಲಿಯೋಕಾಗುತ್ತಾ, ಹಸಿವು ಮೆದುಳಲ್ಲಿ ಎಲ್ಲಿದೆ, ಇಂಥದ್ದೇ ಪ್ರಶ್ನೆ. 1961ರಲ್ಲಿ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ ಅಧ್ಯಕ್ಷ, 1964ರ ನ್ಯಾಷನಲ್ ಮೆಡಲ್ ಆಫ್ ಸೈನ್ಸ್, ಅದು ಒಬ್ಬ ಸೈಕಾಲಜಿಸ್ಟಿಗೆ ಸಿಕ್ಕಿದ್ದು ಅದೇ ಮೊದಲು. ಇಲ್ಲಿಗೆ ಸಾಕು ಅಂತ ರಿಟೈರ್ ಆಗಬಹುದಿತ್ತು.

ಆದ್ರೆ ಅವರಿಗೆ ಒಂದು ಹುಳ ಬಿಟ್ಟಿತ್ತು. ಆಗಿನ ಪಾಠ ಏನಂದ್ರೆ, ಕೈಕಾಲು ನಮ್ಮ ಮಾತು ಕೇಳುತ್ತೆ, ಬಹುಮಾನ ಕೊಟ್ಟು ಅವಕ್ಕೆ ಕೆಲಸ ಕಲಿಸಬಹುದು, ಆದ್ರೆ ಎದೆಬಡಿತ, ಕರುಳು, ರಕ್ತನಾಳ ಇವೆಲ್ಲ ತಮ್ಮ ಪಾಡಿಗೆ ನಡೆಯೋವು, ಇವಕ್ಕೆ ಬಹುಮಾನದ ಆಸೆ ತೋರಿಸಿ ಏನೂ ಕಲಿಸೋಕಾಗಲ್ಲ. ಮಿಲ್ಲರ್‌ಗೆ ಅದ್ಯಾಕೆ ಅನ್ನಿಸ್ತು. ಅನ್ನಿಸಿದ್ದೇನೋ ಸರಿ, ಕೆಲಸ ಮಾಡೋಕೆ ಜನ ಬೇಕಲ್ಲ, ಸ್ಟೂಡೆಂಟ್ಸ್ ಯಾರೂ ಒಪ್ಪಲಿಲ್ಲ, ಸಂಬಳ ಕೊಡೋ ಅಸಿಸ್ಟೆಂಟುಗಳೂ ಮನಸ್ಸಿಟ್ಟು ಮಾಡ್ತಿರಲಿಲ್ಲ, ಇದು ಆಗೋ ಹೋಗೋ ಮಾತಲ್ಲ ಅಂತ ಎಲ್ಲರಿಗೂ ಗೊತ್ತಲ್ಲ. ಹೆಚ್ಚಿನ ಸಲ ನಾನೇ ಸೋತು ಅವರಿಗೆ ಬೇರೆ ಟಾಪಿಕ್ ಕೊಟ್ಟು ಕಳಿಸ್ತಿದ್ದೆ ಅಂತ ಮಿಲ್ಲರ್ರೇ 1969ರ ಸೈನ್ಸ್ ಪತ್ರಿಕೆ ಲೇಖನದಲ್ಲಿ ಬರ್ಕೊಂಡಿದ್ದಾರೆ. ಮೆಡಲ್ ಬಂದವರಿಗೇ ಈ ಗತಿ.

ಕೊನೆಗೆ ಜೇ ಟ್ರೋವಿಲ್, ಲಿಯೋ ಡಿಕಾರಾ ಅಂತ ಇಬ್ಬರು ಹುಡುಗರು ಸಿಕ್ಕಿದ್ರು. ಪ್ರಯೋಗ ಹೇಗೆ ಅಂತ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಇದು ಮುಖ್ಯ. ಇಲಿಯ ಎದೆಬಡಿತ ಜಾಸ್ತಿ ಆದಾಗ ಬಹುಮಾನ ಕೊಡ್ಬೇಕು. ಆದ್ರೆ ಇಲಿ ಕಿಲಾಡಿ, ಅದು ನಾಲ್ಕು ಹೆಜ್ಜೆ ಓಡಿದ್ರೂ, ಮೈ ಬಿಗಿ ಮಾಡಿದ್ರೂ ಎದೆ ಡವಡವ ಅನ್ನುತ್ತೆ, ಆಗ ಅದು ಎದೆಬಡಿತ ಕಲಿತಿದ್ದಾ ಓಡೋದು ಕಲಿತಿದ್ದಾ ಹೇಗೆ ಹೇಳ್ತೀರಿ? ಹಾಗಾಗಿ ಕುರಾರೆ ಕೊಟ್ರು. ಕುರಾರೆ ಅಂದ್ರೆ ದಕ್ಷಿಣ ಅಮೆರಿಕದ ಕಾಡಿನವರು ಬಾಣಕ್ಕೆ ಸವರ್ತಿದ್ದ ವಿಷ, ಕೈಕಾಲಿನ ಸ್ನಾಯು ಎಲ್ಲಾ ನಿಂತುಹೋಗುತ್ತೆ, ಉಸಿರಾಡೋಕೂ ಆಗಲ್ಲ, ಹಾಗಾಗಿ ಪುಟ್ಟ ವೆಂಟಿಲೇಟರ್ ಹಾಕ್ಬೇಕು. ಮೈ ಅಲ್ಲಾಡಿಸೋಕಾಗದ ಇಲಿಗೆ ಅನ್ನ ಕೊಟ್ರೂ ತಿನ್ನೋಕಾಗಲ್ಲ, ಹಾಗಾಗಿ ಬಹುಮಾನ ಅಂದ್ರೆ ಮೆದುಳಲ್ಲಿ ಸುಖ ಕೊಡೋ ಜಾಗಕ್ಕೆ ಸಣ್ಣ ಕರೆಂಟು. ಕೆಲವು ಇಲಿಗಳಿಗೆ ಬಡಿತ ಏರಿದ್ರೆ ಬಹುಮಾನ, ಕೆಲವಕ್ಕೆ ಇಳಿದ್ರೆ. ಏರಿಸೋವು ಏರಿಸಿದ್ವು, ಇಳಿಸೋವು ಇಳಿಸಿದ್ವು. ಅಷ್ಟೇ ಅಲ್ಲ, 1968ರಲ್ಲಿ ಡಿಕಾರಾ ಮತ್ತೆ ಮಿಲ್ಲರ್, ಇಲಿಗೆ ಒಂದು ಕಿವಿಯ ರಕ್ತನಾಳ ಮಾತ್ರ ಹಿಗ್ಗಿಸೋದನ್ನ ಕಲಿಸಿದ್ವಿ ಅಂತ ಬರೆದ್ರು, ಎಡಗಿವಿ ಬಲಗಿವಿ ಬೇರೆ ಬೇರೆ!

ಯಾರೋ ಹಿಂದಿನ ಸಾಲಲ್ಲಿ ಅಯ್ಯೋ ಪಾಪ ಅಂದ್ರಿ. ಕೇಳಿಸ್ತು. ನನಗೂ ಓದುವಾಗ ಅನ್ನಿಸುತ್ತೆ. ಮಿಲ್ಲರ್ ಪ್ರಾಣಿಗಳ ಮೇಲಿನ ಪ್ರಯೋಗ ಬೇಕೇ ಬೇಕು ಅಂತ ಕೊನೇವರೆಗೂ ವಾದ ಮಾಡಿದವರು, ನೀವು ಒಪ್ಪಲೇಬೇಕು ಅಂತ ನಾನು ಹೇಳಲ್ಲ, ಇವತ್ತಿನ ಎಥಿಕ್ಸ್ ಕಮಿಟಿ ಮುಂದೆ ಇದನ್ನಿಟ್ರೆ ಏನಾಗ್ತಿತ್ತು ಅಂತ ಊಟದ ಹೊತ್ತಿಗೆ ಜಗಳ ಆಡೋಣ.

ಈಗ ಇಲ್ಲೊಂದು ನಮ್ಮ ಕಡೆ ವಿಷಯ ಇದೆ, ಸ್ವಲ್ಪ ದಾರಿ ತಪ್ಪುತ್ತೆ, ಪರವಾಗಿಲ್ಲ. ಮಿಲ್ಲರ್ ಇಲಿ ಹಿಡಿಯೋಕೆ ಮುಂಚೆನೇ, ಎದೆಬಡಿತ ಮನಸ್ಸಿನ ಮಾತು ಕೇಳುತ್ತೆ ಅಂತ ನಮ್ಮ ಯೋಗಿಗಳ ಬಗ್ಗೆ ಹೇಳ್ತಾನೇ ಇದ್ರಲ್ಲ, ಹೃದಯವನ್ನೇ ನಿಲ್ಲಿಸ್ತಾರೆ ಅಂತ. ವೆಂಗರ್ ಮತ್ತೆ ಬಾಗ್ಚಿ ಅಂತ ಇಬ್ಬರು ಅಮೆರಿಕದಿಂದ ಮಷೀನ್ ಹೊತ್ಕೊಂಡು ಭಾರತಕ್ಕೆ ಬಂದು, ದೆಹಲಿಯ ಏಮ್ಸ್‌ನ ಬಿ. ಕೆ. ಆನಂದ್ ಜೊತೆ ಸೇರಿ ಇದನ್ನ ಅಳೆದು ನೋಡಿದ್ರು, 1961ರಲ್ಲಿ ಸರ್ಕ್ಯುಲೇಷನ್ ಪತ್ರಿಕೆಯಲ್ಲಿ ಬಂತು. ಅವರು ನೋಡಿದವರಲ್ಲಿ ಒಬ್ಬರು ಕೃಷ್ಣಮಾಚಾರ್ಯರು, ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ಹುಟ್ಟಿ, ಮೈಸೂರು ಅರಸರ ಆಶ್ರಯದಲ್ಲಿ ಯೋಗಶಾಲೆ ನಡೆಸಿ ಆಮೇಲೆ ಮದ್ರಾಸಿಗೆ ಹೋದವರು. ಏನು ಸಿಕ್ತು ಅಂದ್ರೆ, ಉಸಿರು ಬಿಗಿ ಹಿಡಿದು, ಎದೆ ಹೊಟ್ಟೆ ಸ್ನಾಯು ಬಿಗಿ ಮಾಡಿದಾಗ ಹೃದಯಕ್ಕೆ ವಾಪಸ್ ಬರೋ ರಕ್ತ ಕಮ್ಮಿ ಆಗುತ್ತೆ, ನಾಡಿ ಕೈಗೆ ಸಿಗಲ್ಲ, ಸ್ಟೆತಾಸ್ಕೋಪಲ್ಲಿ ಶಬ್ದ ಕೇಳಲ್ಲ, ಆದ್ರೆ ಇಸಿಜಿ ಮಾತ್ರ ತನ್ನ ಪಾಡಿಗೆ ಗೀರು ಎಳೀತಾನೇ ಇರುತ್ತೆ. ಹೃದಯ ನಿಂತಿಲ್ಲ, ನಮಗೆ ಕೇಳಿಸ್ತಿಲ್ಲ ಅಷ್ಟೆ. ಇದನ್ನ ಯೋಗಕ್ಕೆ ಅವಮಾನ ಅಂತ ತಗೋಬೇಡಿ, ನನ್ನ ಮಟ್ಟಿಗೆ ಮಷೀನಿಗೆ ಎದೆ ಕೊಟ್ಟು ಕೂತವರ ಧೈರ್ಯ ದೊಡ್ಡದು, ಕೂರದೇನೇ ಹೇಳ್ಕೊಂಡು ತಿರುಗೋರು ಬೇಕಾದಷ್ಟು ಜನ. ನಾನು ಇದನ್ನ ಯಾಕೆ ಹೇಳ್ದೆ ಅಂದ್ರೆ, ಮಿಲ್ಲರ್‌ಗೆ ಕುರಾರೆ ಯಾಕೆ ಬೇಕಾಯ್ತು ಅನ್ನೋದು ಇದ್ರಿಂದ ಅರ್ಥ ಆಗುತ್ತೆ. ಸ್ನಾಯು ಅನ್ನೋದು ಹಿಂದಿನ ಬಾಗಿಲಿಂದ ಬಂದು ಹೃದಯದ ಕೆಲಸ ತನ್ನದು ಅಂತ ಹೇಳುತ್ತೆ, ಆ ಬಾಗಿಲಿಗೆ ಬೀಗ ಹಾಕ್ಬೇಕಿತ್ತು.

ಸರಿ, ಇಲಿಗೆ ವಾಪಸ್. ಈ ಫಲಿತಾಂಶ ಬಂದಿದ್ದೇ ಬಂದಿದ್ದು, ಪೇಪರುಗಳಲ್ಲಿ ಸುದ್ದಿ, ಬಯೋಫೀಡ್‌ಬ್ಯಾಕ್, ಅಂದ್ರೆ ಎದೆಬಡಿತ, ಬಿಪಿ ಇಂಥದ್ದನ್ನ ಮಷೀನಲ್ಲಿ ನೋಡ್ಕೊಳ್ತಾ ತಾನೇ ಹತೋಟಿಗೆ ತರೋದನ್ನ ಕಲಿಯೋದು, ಆ ಹೊಸ ಚಿಕಿತ್ಸೆಗೆ ಇದೇ ತಳಪಾಯ ಅಂತಾಯ್ತು, ಬಿಪಿ, ತಲೆನೋವು, ಎಲ್ಲದಕ್ಕೂ ಮಾತ್ರೆ ಇಲ್ಲದೆ ದೇಹಕ್ಕೇ ಪಾಠ ಹೇಳೋ ಕಾಲ ಬಂತು ಅಂತ. ಟೆಕ್ಸ್ಟ್‌ಬುಕ್‌ಗೆ ಹೋಯ್ತು. ಮಿಲ್ಲರ್ ಅಷ್ಟೊತ್ತಿಗೆ, 1966ರಲ್ಲಿ, ಯೇಲ್ ಬಿಟ್ಟು ನ್ಯೂಯಾರ್ಕಿನ ರಾಕ್‌ಫೆಲರ್ ಯೂನಿವರ್ಸಿಟಿಗೆ ಬಂದಿದ್ರು. ಅಲ್ಲಿ ಒಂದು ವಿಚಿತ್ರ ಶುರುವಾಯ್ತು. ಅದೇ ಪ್ರಯೋಗ ಮತ್ತೆ ಮಾಡಿದ್ರೆ ಫಲಿತಾಂಶ ಸ್ವಲ್ಪ ಚಿಕ್ಕದಾಗಿ ಬರ್ತಿತ್ತು. ಮತ್ತೆ ಮಾಡಿದ್ರೆ ಇನ್ನೂ ಚಿಕ್ಕದು. ನೀರು ಬೆರೆಸಿ ಬೆರೆಸಿ ಮಜ್ಜಿಗೆ ತೆಳ್ಳಗಾದ ಹಾಗೆ. 70ರ ದಶಕ ಶುರುವಾಗೋ ಹೊತ್ತಿಗೆ ಬರೀ ನೀರು, ಅಂದ್ರೆ ಏನೂ ಬರ್ತಾನೇ ಇಲ್ಲ.

ಇಲ್ಲಿ ನಿಲ್ಲಿಸಿ ನಿಮ್ಮನ್ನೇ ಕೇಳ್ತೀನಿ, ನೀವಾಗಿದ್ರೆ ಏನ್ ಮಾಡ್ತಿದ್ರಿ? ವಯಸ್ಸು ಅರವತ್ತು ದಾಟಿದೆ, ಹೆಸರು ಆಗಿದೆ, ಪಾಠಪುಸ್ತಕದಲ್ಲಿ ಬಂದುಬಿಟ್ಟಿದೆ, ಯಾರೂ ಕೇಳ್ತಿಲ್ಲ. ಸುಮ್ನೆ ಬೇರೆ ಟಾಪಿಕ್ ಹಿಡ್ಕೊಂಡ್ರೆ ಆಯ್ತು. ಬೇರೆ ಲ್ಯಾಬಿನವರಿಗೆ ಬರಲಿಲ್ಲ ಅಂದ್ರೆ, ನಿಮಗೆ ಕೈ ಪಳಗಿಲ್ಲ ಅಂತ ಹೇಳಿದ್ರೆ ಆಯ್ತು, ಅದನ್ನ ನಾನು ನನ್ನ ಕಿವಿಯಾರೆ ಎಷ್ಟು ಸಲ ಕೇಳಿದೀನಿ. ಮಿಲ್ಲರ್ ಮಾಡಿದ್ದು, ಬ್ಯಾರಿ ಡ್ವಾರ್ಕಿನ್ ಅನ್ನೋ ಕಿರಿಯ ಸಹೋದ್ಯೋಗಿ ಜೊತೆ ಸೇರಿ, ತನ್ನದೇ ಪ್ರಯೋಗದಲ್ಲಿ ತಪ್ಪು ಎಲ್ಲಿದೆ ಅಂತ ವರ್ಷಗಟ್ಟಲೆ ಹುಡುಕಿದ್ದು. ವೆಂಟಿಲೇಟರ್ ಸುಧಾರಿಸಿ ನೋಡಿದ್ರು, ಒಂದೊಂದನ್ನೇ ಬದಲಾಯಿಸಿ ನೋಡಿದ್ರು. 1974ರಲ್ಲೇ, ಹುಷಾರು, ನಮ್ಮ ಇಲಿಗಳಲ್ಲಿ ತೊಂದರೆ ಕಾಣ್ತಿದೆ, ಮನುಷ್ಯರ ಮೇಲಿನ ಕೆಲಸಕ್ಕೂ ಇದು ಪ್ರಶ್ನೆ ಅಂತ ಬರೆದುಬಿಟ್ರು. ಅಷ್ಟಕ್ಕೂ ಬಿಡಲಿಲ್ಲ. 1986ರಲ್ಲಿ, ಮಿಲ್ಲರ್‌ಗೆ ಆಗ ಎಪ್ಪತ್ತಾರೋ ಎಪ್ಪತ್ತೇಳೋ, ಬಿಹೇವಿಯರಲ್ ನ್ಯೂರೋಸೈನ್ಸ್ ಪತ್ರಿಕೆಯಲ್ಲಿ ಇಬ್ಬರೂ ಸೇರಿ ದೊಡ್ಡ ಲೇಖನ ಪ್ರಕಟಿಸಿದ್ರು. ಶೀರ್ಷಿಕೆಯ ಮೊದಲ ಪದ ಏನು ಗೊತ್ತಾ? ಫೇಲ್ಯೂರ್. ಕುರಾರೆ ಕೊಟ್ಟ ಇಲಿಯಲ್ಲಿ ನಾವು ಹೇಳಿದ್ದನ್ನ ಮತ್ತೆ ತೋರಿಸೋಕೆ ನಮ್ಮಿಂದಲೇ ಆಗಿಲ್ಲ, ಈ ಪ್ರಯೋಗವನ್ನ ಯಾವುದಕ್ಕೂ ಪುರಾವೆ ಅಂತ ಇಟ್ಕೋಬೇಡಿ, ಅಂತ. ಒಳಗಿನ ಅಂಗಗಳು ಕಲಿಯೋದೇ ಇಲ್ಲ ಅಂತಲೂ ಅವರು ಹೇಳಲಿಲ್ಲ, ಅದನ್ನೂ ಗಮನಿಸಿ, ಈ ಇಲಿಗಳಿಂದ ಅತ್ತಲೂ ಹೇಳೋಕಾಗಲ್ಲ ಇತ್ತಲೂ ಹೇಳೋಕಾಗಲ್ಲ ಅಂದ್ರು ಅಷ್ಟೆ. ಸೋತಾಗಲೂ ಜಾಸ್ತಿ ಹೇಳಲಿಲ್ಲ.

ಈ ಮನುಷ್ಯನ ಹೆಸರಲ್ಲಿ ಎಳೆಯರಿಗೆ ಅವಾರ್ಡ್. ಈಗ ಹೇಳಿ, ಭಯ ಆಗ್ಬೇಕಾ ಬೇಡವಾ. ಮಿಲ್ಲರ್ ಹೋಗಿದ್ದು 2002ರಲ್ಲಿ, 92 ವರ್ಷಕ್ಕೆ. ಈ ಅವಾರ್ಡ್ ಕೊಡೋ ಬಿಹೇವಿಯರಲ್ ಮೆಡಿಸಿನ್ ಅಕಾಡೆಮಿಗೆ ಮೊದಲ ಅಧ್ಯಕ್ಷರೂ ಅವರೇ. ಅವಾರ್ಡ್ ಮುಟ್ಟಿದ ಹುಡುಗ ಹುಡುಗಿಯರೆಲ್ಲ ಈ 1986ರ ಲೇಖನ ಓದಿರ್ತಾರಾ, ನನಗೆ ಅನುಮಾನ. ನನ್ನ ಕೇಳಿದ್ರೆ ಫಲಕದ ಜೊತೆ ಅದರ ಒಂದು ಜೆರಾಕ್ಸ್ ಕೊಡ್ಬೇಕು.

ಆಮೇಲೆ ಏನಾಯ್ತು ಅಂತಲೂ ಹೇಳ್ಬಿಡ್ತೀನಿ, ಇಲ್ಲಾಂದ್ರೆ ಎಲ್ಲಾ ಮಣ್ಣಾಯ್ತು ಅಂದ್ಕೊಳ್ತೀರಿ. ಬಯೋಫೀಡ್‌ಬ್ಯಾಕ್ ಸಾಯಲಿಲ್ಲ. ಬೆನ್ನುಹುರಿಗೆ ಪೆಟ್ಟಾಗಿ, ಕೂರಿಸಿದ್ರೆ ಸಾಕು ಬಿಪಿ ಇಳಿದು ತಲೆಸುತ್ತಿ ಬೀಳ್ತಿದ್ದ ರೋಗಿಗಳು, ತಮ್ಮ ಬಿಪಿಯನ್ನ ತಾವೇ ಏರಿಸಿಕೊಳ್ಳೋದನ್ನ ಅಭ್ಯಾಸ ಮಾಡಿದ್ದುಂಟು. ಬೆನ್ನು ಡೊಂಕಾಗ್ತಿದ್ದ ಮಕ್ಕಳಿಗೆ, ಡೊಂಕಾಗಿ ಕೂತ್ರೆ ಸದ್ದು ಮಾಡಿ ಎಚ್ಚರಿಸೋ ಒಂದು ಸಣ್ಣ ಸಾಧನ ಇದೇ ಡ್ವಾರ್ಕಿನ್, ಮಿಲ್ಲರ್ ಬಳಗದವರು ಮಾಡಿದ್ರು. ಇಲಿ ಕೈಕೊಟ್ಟ ಮೇಲೂ ಮನುಷ್ಯರಲ್ಲಿ ಕೆಲಸ ಮುಂದುವರೀತು, ಆದ್ರೆ ಈಗ ಎಲ್ಲರೂ ಹೇಳೋದನ್ನ ಅಳೆದು ಹೇಳ್ಬೇಕಾಯ್ತು. ಪ್ರಯತ್ನ ಮಾಡುವಾಗ ಧೈರ್ಯ ಇರಲಿ, ಹೇಳ್ಕೊಳ್ಳುವಾಗ ಎಚ್ಚರ ಇರಲಿ ಅನ್ನೋ ಅರ್ಥದ ಮಾತನ್ನ ಮಿಲ್ಲರ್ ಹೇಳ್ತಿದ್ರು ಅಂತ ಬಯೋಫೀಡ್‌ಬ್ಯಾಕ್‌ನವರು ಈಗಲೂ ನೆನೆಸ್ಕೊಳ್ತಾರೆ.

ಈಗ ಇಲಿ ಬಿಟ್ಟು ಮನುಷ್ಯರ ಕಡೆ ಬರೋಣ. ನಿಮ್ಮೆಲ್ಲರ ಸಿಲಬಸ್‌ನಲ್ಲಿ ಹೆಲ್ತ್ ಬಿಲೀಫ್ ಮಾಡೆಲ್ ಇದೆ, ರೋಗದ ಬಗ್ಗೆ ಜನ ಏನು ನಂಬ್ತಾರೋ ಅದರ ಮೇಲೆ ಅವರು ಏನ್ ಮಾಡ್ತಾರೆ ಅನ್ನೋದು ನಿಂತಿದೆ ಅನ್ನೋ ವಿವರಣೆ, ಬಾಯಿಪಾಠ ಮಾಡಿರ್ತೀರಿ, ಐದು ಅಂಕದ ಪ್ರಶ್ನೆ. ಅದು ಎಲ್ಲಿಂದ ಬಂತು ಅಂದ್ರೆ ಟಿಬಿಯಿಂದ. 1950ರ ದಶಕದಲ್ಲಿ ಅಮೆರಿಕದ ಸರ್ಕಾರ ಎಕ್ಸ್‌ರೇ ಮಷೀನನ್ನ ವ್ಯಾನಲ್ಲಿಟ್ಟು ಬೀದಿಬೀದಿಗೆ ಕಳಿಸ್ತು, ಫ್ರೀ, ನೋವಿಲ್ಲ, ಆದ್ರೂ ಜನ ಬರ್ತಿಲ್ಲ. ಗಾಡ್‌ಫ್ರೀ ಹಾಕ್‌ಬಾಮ್ ಅನ್ನೋ ಸೋಷಿಯಲ್ ಸೈಕಾಲಜಿಸ್ಟನ್ನ, ಯಾಕೆ ಬರ್ತಿಲ್ಲ ನೋಡಪ್ಪ ಅಂದ್ರು. ಅವರು ಬಾಸ್ಟನ್, ಕ್ಲೀವ್‌ಲ್ಯಾಂಡ್, ಡೆಟ್ರಾಯಿಟ್ ಮೂರು ಊರಲ್ಲಿ 1,200ಕ್ಕೂ ಹೆಚ್ಚು ಜನರನ್ನ ಮಾತಾಡಿಸಿದ್ರು. ನನಗೂ ಟಿಬಿ ಬರಬಹುದು, ಬೇಗ ಗೊತ್ತಾದ್ರೆ ಒಳ್ಳೇದು, ಈ ಎರಡನ್ನೂ ನಂಬಿದವರಲ್ಲಿ 82 ಪರ್ಸೆಂಟ್ ಜನ ತಾವಾಗೇ ಎಕ್ಸ್‌ರೇ ತೆಗೆಸಿಕೊಂಡಿದ್ರು, ಎರಡೂ ನಂಬದವರಲ್ಲಿ 21. ಭಾರೀ ವ್ಯತ್ಯಾಸ. ಆದ್ರೆ ಒಂದು ಕೊಕ್ಕೆ ಇದೆ, ಪ್ರಶ್ನೆ ಕೇಳಿದ್ದು ಎಕ್ಸ್‌ರೇ ಆದ ಮೇಲೆ. ನಂಬಿದ್ದಕ್ಕೆ ಹೋದ್ರಾ, ಹೋಗಿಬಂದ ಮೇಲೆ ನಂಬಿದ್ರಾ? ಪರೀಕ್ಷೆಯಲ್ಲಿ ಇದನ್ನ ಬರೀರಿ, ಅರ್ಧ ಮಾರ್ಕ್ಸಾದ್ರೂ ಜಾಸ್ತಿ ಸಿಗುತ್ತೆ.

ಇದೇ ಹೊತ್ತಿಗೆ ನಮ್ಮಲ್ಲಿ ಏನಾಗ್ತಿತ್ತು? ಬೆಂಗಳೂರು ಬಳ್ಳಾರಿ ರಸ್ತೆಯಲ್ಲಿ ಅವಲಾನ್ ಅಂತ ಕಟ್ಟಡ, ಅಲ್ಲಿ 1959ರಲ್ಲಿ ನ್ಯಾಷನಲ್ ಟ್ಯೂಬರ್ಕ್ಯುಲೋಸಿಸ್ ಇನ್‌ಸ್ಟಿಟ್ಯೂಟ್ ಶುರುವಾಯ್ತು, ಮುಂದಿನ ವರ್ಷ ನೆಹರೂ ಬಂದು ಉದ್ಘಾಟನೆ ಮಾಡಿದ್ರು. ಅಲ್ಲಿ ದೇಬಬರ್ ಬ್ಯಾನರ್ಜಿ ಅಂತ, ಆಗಿನ್ನೂ ಮೂವತ್ತರ ಆಸುಪಾಸಿನ ಡಾಕ್ಟರು, ನಿಮ್ಮಂಥ ಅರ್ಲಿ ಕರಿಯರ್ರೇ, ಮತ್ತೆ ಡಬ್ಲ್ಯುಎಚ್‌ಒ ಕಡೆಯಿಂದ ಬಂದಿದ್ದ ಸ್ಟಿಗ್ ಆಂಡರ್ಸನ್. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು, ಹಳ್ಳಿ ಜನಕ್ಕೆ ಅರಿವಿಲ್ಲ, ಮೂಢನಂಬಿಕೆ, ಕೆಮ್ಮಿದ್ರೂ ಆಸ್ಪತ್ರೆಗೆ ಬರಲ್ಲ, ಹಾಗಾಗಿ ಜಾಗೃತಿ ಮೂಡಿಸ್ಬೇಕು, ವ್ಯಾನ್ ಕಳಿಸ್ಬೇಕು. ಇವರಿಬ್ಬರು ತುಮಕೂರು ಜಿಲ್ಲೆಗೆ ಹೋದ್ರು. ಎಕ್ಸ್‌ರೇಯಲ್ಲಿ ಟಿಬಿ ಕಂಡವರನ್ನ, ಹೋಲಿಕೆಗೆ ಟಿಬಿ ಇಲ್ಲದವರನ್ನ, ಮನೆ ಹತ್ರಾನೇ ಹೋಗಿ ಮಾತಾಡಿಸಿದ್ರು. ಮೈಯಲ್ಲಿ ಏನಾಗ್ತಿದೆ, ಚಿಂತೆ ಆಗಿದೆಯಾ, ಏನ್ ಮಾಡಿದ್ರಿ.

1963ರಲ್ಲಿ ಡಬ್ಲ್ಯುಎಚ್‌ಒ ಬುಲೆಟಿನ್‌ನಲ್ಲಿ ಬಂತು ಅದು. ಕಫದಲ್ಲಿ ಟಿಬಿ ಕ್ರಿಮಿ ಇದ್ದವರಲ್ಲಿ ಬಹುತೇಕ ಎಲ್ಲರಿಗೂ ತಮಗೆ ಏನೋ ಆಗಿದೆ ಅಂತ ಗೊತ್ತಿತ್ತು. ಹೆಚ್ಚಿನವರಿಗೆ ಚಿಂತೆಯೂ ಆಗಿತ್ತು. ಅರ್ಧದಷ್ಟು ಜನ ಆಗ್ಲೇ ಆಸ್ಪತ್ರೆಗೂ ಹೋಗಿಬಂದಿದ್ರು! ಇಂಗ್ಲಿಷ್ ಔಷಧಿ ಕೊಡೋ ಆಸ್ಪತ್ರೆಗೇ. ಅಲ್ಲಿ ಏನ್ ಕೊಟ್ಟು ಕಳಿಸಿದ್ರು? ಕೆಮ್ಮಿನ ಸಿರಪ್ಪು. ಆ ಮನುಷ್ಯನನ್ನ ಒಂದ್ಸಲ ನೆನೆಸ್ಕೊಳಿ, ಬಿತ್ತನೆ ಕೆಲಸ ಬಿಟ್ಟು, ಗಾಡಿಯಲ್ಲೋ ನಡ್ಕೊಂಡೋ ಹೋಗಿ, ಬಾಟ್ಲಿ ನೀವೇ ತರ್ಬೇಕು ಅಂದಿರ್ತಾರೆ, ಬಾಟ್ಲಿ ಹಿಡ್ಕೊಂಡು ಸಾಲಲ್ಲಿ ನಿಂತು, ಕೆಂಪಗಿನ ಔಷಧಿ ತುಂಬಿಸ್ಕೊಂಡು, ಎರಡು ತಿಂಗಳಾದ್ರೂ ಕೆಮ್ಮು ನಿಲ್ಲದೇ, ಇನ್ನೊಂದ್ಸಲ ಯಾಕೆ ಹೋಗ್ತಾನೆ? ಅವನ ನಡವಳಿಕೆ ಸರಿಯಾಗೇ ಇತ್ತು. ತಿದ್ದಬೇಕಾಗಿದ್ದು ಕೌಂಟರಿನ ಆಚೆ ಕೂತವರ ನಡವಳಿಕೆ. ವ್ಯಾನ್ ಕಳಿಸಿ ಜನರನ್ನ ಹುಡುಕೋ ಮುಂಚೆ, ತಾವಾಗೇ ಕೆಮ್ಮಿಕೊಂಡು ಬಂದವರ ಕಫ ಪರೀಕ್ಷೆ ಮಾಡಿ, ಮಾಮೂಲಿ ಸರ್ಕಾರಿ ಆಸ್ಪತ್ರೆಯಲ್ಲೇ ಮಾಡಿ, ಅನ್ನೋದು ಈ ಯೋಚನೆ, 1962ರ ರಾಷ್ಟ್ರೀಯ ಟಿಬಿ ಕಾರ್ಯಕ್ರಮದ ಬೆನ್ನೆಲುಬೂ ಇದೇ. ಇವತ್ತು ಬಸ್‌ಸ್ಟ್ಯಾಂಡ್ ಗೋಡೆ ಮೇಲೆ ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ರೆ ಕಫ ಪರೀಕ್ಷೆ ಅಂತ ಬರೆದಿರ್ತಾರಲ್ಲ, ಅದರ ಹಿಂದೆ ತುಮಕೂರಿನ ಆ ಹಳ್ಳಿಯವರೂ ಇದ್ದಾರೆ.

ಹಾಕ್‌ಬಾಮ್ ಗೊತ್ತು ನಿಮಗೆ, ಕೈ ಎತ್ತಿ, ಬ್ಯಾನರ್ಜಿ ಹೆಸರು ಕೇಳಿದವರು ಎಷ್ಟು ಜನ? ಮೂರು. ಪರವಾಗಿಲ್ಲ, ನಾನು ಸೊನ್ನೆ ಅಂದ್ಕೊಂಡಿದ್ದೆ. ಮುಂದೆ 1971ರಲ್ಲಿ ದೆಹಲಿಯ ಜೆಎನ್‌ಯುನಲ್ಲಿ ಸೋಷಿಯಲ್ ಮೆಡಿಸಿನ್ ವಿಭಾಗ ಕಟ್ಟಿದ್ದು ಅವರೇ. ತುಮಕೂರಿನಿಂದ ಬಂದವರು ಇಲ್ಲಿ ಯಾರಾದ್ರೂ ಇದ್ರೆ, ನಿಮ್ಮ ಅಜ್ಜನ ಊರು ಆ ಸ್ಟಡಿಯಲ್ಲಿ ಇದ್ದಿರಬಹುದು, ಹುಡುಕಿ ನೋಡಿ, ಅದೇ ಒಂದು ಒಳ್ಳೆ ಪ್ರಾಜೆಕ್ಟ್.

ಈಗ ನನ್ನ ಕಥೆ. ಇಷ್ಟೊತ್ತು ಬೇರೆಯವರ ಸೋಲು ಹೇಳಿ ನನ್ನದು ಹೇಳದೇ ಇದ್ರೆ ತಪ್ಪಾಗುತ್ತೆ. ನಾನೂ ಅರ್ಲಿ ಕರಿಯರ್ ಆಗಿದ್ದಾಗ, ಅಂದ್ರೆ ತಲೆಕೂದಲು ಕಪ್ಪಿದ್ದಾಗ, ಬಿಪಿ ಮಾತ್ರೆ ಜನ ಯಾಕೆ ಬಿಡ್ತಾರೆ ಅಂತ ಕೆಲಸ ಮಾಡ್ತಿದ್ದೆ. ಮರೆತುಹೋಗ್ತಾರೆ ಅಂತ ನನ್ನ ಥಿಯರಿ. ಅದಕ್ಕೆ ಒಂದು ಕ್ಯಾಲೆಂಡರ್ ಮಾಡ್ಸಿದ್ವಿ, ತಿಥಿ ನಕ್ಷತ್ರ ರಾಹುಕಾಲ ಎಲ್ಲಾ ಇರೋದು, ಪ್ರತಿ ತಾರೀಕಿನ ಕೆಳಗೆ ಒಂದು ಚೌಕ, ಮಾತ್ರೆ ತಗೊಂಡ ಮೇಲೆ ಟಿಕ್ ಹಾಕ್ಬೇಕು. ಎರಡು ಊರು, ಒಂದು ಊರಿಗೆ ಕ್ಯಾಲೆಂಡರ್, ಇನ್ನೊಂದಕ್ಕೆ ಇಲ್ಲ. ಎರಡು ಕಡೇನೂ ತಿಂಗಳಿಗೊಮ್ಮೆ ಹೋಗಿ ಮಾತ್ರೆ ಎಣಿಸೋದು. ಕೇಳಿದ್ರೆ ಸಾಲಲ್ಲ ಅಂತ ಅಷ್ಟೊತ್ತಿಗೆ ಬುದ್ಧಿ ಬಂದಿತ್ತು, ಯಾಕಂದ್ರೆ ಮುಂಚೆ ಒಂದು ಸರ್ವೇಲಿ ಊಟಕ್ಕೆ ಮುಂಚೆ ಸೋಪಲ್ಲಿ ಕೈ ತೊಳೀತೀರಾ ಅಜ್ಜಿ ಅಂತ ಕೇಳಿದ್ದಕ್ಕೆ, ಆ ಅಜ್ಜಿ ನನ್ನ ಕೈಯ ಫಾರಂ ನೋಡಿ, ನಿಂಗೆ ಯಾವ್ದು ಬರ್ಕಂಡ್ರೆ ಒಳ್ಳೇದಾಯ್ತದೆ ಹೇಳವ್ವ, ಅದನ್ನೇ ಹೇಳ್ತೀನಿ ಅಂದಿದ್ರು. ಅವತ್ತು ನಾನು ಕಲಿತಿದ್ದು ಎರಡು ವರ್ಷದ ಕೋರ್ಸಲ್ಲಿ ಕಲಿತಿರಲಿಲ್ಲ.

ಕ್ಯಾಲೆಂಡರ್ ಊರಲ್ಲಿ ಎಲ್ಲರ ಮನೆ ಗೋಡೆ ಮೇಲೂ ನಮ್ಮದೇ ಕ್ಯಾಲೆಂಡರ್, ಟಿಕ್ಕೋ ಟಿಕ್ಕು. ನನಗೆ ಖುಷಿಯೋ ಖುಷಿ. ಹತ್ರ ಹೋಗಿ ನೋಡಿದ್ರೆ ಚೌಕದಲ್ಲಿ ಅರ್ಧ, ಅರ್ಧ, ಒಂದು, ಅರ್ಧ ಅಂತ ಬರೆದಿದೆ. ಅಯ್ಯೋ ಇವರೂ ಚಿಕ್ಕಮ್ಮನ ಹಾಗೆ ಮಾತ್ರೆ ಅರ್ಧ ಮಾಡ್ತಿದ್ದಾರಾ ಅಂತ ಕೇಳಿದ್ರೆ, ಇಲ್ಲ ಮೇಡಮ್ಮ ಅದು ಹಾಲಿನ ಲೆಕ್ಕ, ಅರ್ಧ ಲೀಟ್ರು, ಹಬ್ಬದ ದಿನ ಒಂದು ಲೀಟ್ರು, ಚೌಕ ಚೆನ್ನಾಗೈತೆ, ಮುಂದಿನ ವರ್ಷನೂ ಕೊಡಿ ಅಂದ್ರು. ಮಾತ್ರೆ ಎಣಿಕೆಯಲ್ಲಿ ಎರಡೂ ಊರಿಗೆ ಏನೂ ವ್ಯತ್ಯಾಸ ಇಲ್ಲ. ಜನ ಮರೆತಿರಲಿಲ್ಲ. ಮಾತ್ರೆ ಮುಗಿದಿತ್ತು, ತಾಲ್ಲೂಕು ಆಸ್ಪತ್ರೆಯಲ್ಲಿ ಸ್ಟಾಕ್ ಇರಲಿಲ್ಲ, ಹೊರಗೆ ತಗೊಳ್ಳೋಕೆ ದುಡ್ಡಿರಲಿಲ್ಲ. ಬ್ಯಾನರ್ಜಿಯವರ ಪೇಪರ್ ನಾನು ಅಷ್ಟೊತ್ತಿಗೆ ಓದಿದ್ದಿದ್ರೆ ಮೊದಲು ಸ್ಟಾಕ್ ರಿಜಿಸ್ಟರ್ ನೋಡ್ತಿದ್ದೆ.

ರಿಪೋರ್ಟ್ ಬರೆದೆ. ಆಗ ನನ್ನ ಮೇಲಿದ್ದವರು ಎರಡು ಪುಟ ತಿರುಗಿಸಿ, ಏನೂ ಬಂದಿಲ್ಲ ಅಂದ್ಮೇಲೆ ಏನಂತ ಬರೀತೀಯಮ್ಮ ಅಂದ್ರು. ಒಂದು ಪತ್ರಿಕೆಗೆ ಕಳಿಸ್ದೆ, ವಾಪಸ್ ಬಂತು. ಫೈಲು ಬೀರು ಸೇರ್ತು. ಇದಕ್ಕೆ ಹೆಸರೇ ಇದೆ, ರಾಬರ್ಟ್ ರೋಸೆಂಥಾಲ್ ಅಂತ ಒಬ್ಬರು 1979ರಲ್ಲೇ ಫೈಲ್ ಡ್ರಾಯರ್ ಸಮಸ್ಯೆ ಅಂತ ಬರೆದಿದ್ದಾರೆ, ಗೆದ್ದಿದ್ದು ಪತ್ರಿಕೆಗೆ, ಸೋತಿದ್ದು ಡ್ರಾಯರಿಗೆ. ಈಗ 2007ರಿಂದ ನಮ್ಮಲ್ಲಿ ಸಿಟಿಆರ್‌ಐ ಅಂತ, ಕ್ಲಿನಿಕಲ್ ಟ್ರಯಲ್‌ಗಳನ್ನ ದಾಖಲಿಸೋ ರಿಜಿಸ್ಟ್ರಿ ಇದೆ, ಟ್ರಯಲ್ ಶುರು ಮಾಡೋ ಮುಂಚೆನೇ ಏನ್ ಮಾಡ್ತೀವಿ ಅಂತ ಬರೆದಿಡಬೇಕು, ಹಾಗಾಗಿ ಪೂರ್ತಿ ಮುಚ್ಚಿಡೋದು ಸ್ವಲ್ಪ ಕಷ್ಟ. ನಮ್ಮ ಕಾಲದಲ್ಲಿ ಅದೂ ಇರಲಿಲ್ಲ. ನನ್ನ ತಪ್ಪೂ ಇದೆ, ನಾನು ಇನ್ನೊಂದು ಪತ್ರಿಕೆಗೆ ಕಳಿಸಬಹುದಿತ್ತು, ಪ್ರಮೋಷನ್ ಇಂಟರ್‌ವ್ಯೂ ಹತ್ರ ಬಂದಿತ್ತು, ಬೇರೆ ಗೆದ್ದ ಕೆಲಸ ಬರ್ಕೊಂಡು ಕೂತೆ. ಸುಮಾರು ವರ್ಷ ಆದ್ಮೇಲೆ ಒಂದು ಮೀಟಿಂಗಲ್ಲಿ ಪ್ರಾಜೆಕ್ಟ್ ಪ್ರಪೋಸಲ್‌ಗಳನ್ನ ನೋಡ್ತಾ ಇದ್ದಾಗ ಒಬ್ಬ ಹುಡುಗ ಎದ್ದು ನಿಂತು ಸ್ಲೈಡ್ ಹಾಕ್ದ. ಬಿಪಿ ರೋಗಿಗಳಿಗೆ ಕ್ಯಾಲೆಂಡರ್. ಪ್ರತಿ ತಾರೀಕಿಗೂ ಒಂದು ಚೌಕ. ನನಗೆ ಹೊಟ್ಟೆ ಒಳಗೆ ಏನೋ ಕಿವುಚಿದ ಹಾಗಾಯ್ತು. ಅವನ ತಪ್ಪು ಏನಿದೆ, ಅವನು ಓದೋಕೆ ನಾನು ಏನೂ ಬರೆದಿಟ್ಟಿರಲಿಲ್ಲವಲ್ಲ.

ಹಾಗಾಗಿ ಅವಾರ್ಡ್ ಕಮಿಟಿಗಳಲ್ಲಿ ಕೂತಾಗಲೆಲ್ಲ ನಾನು ಒಂದು ತಕರಾರು ತೆಗೀತೀನಿ, ಜೊತೆಯವರಿಗೆ ಬೇಜಾರಾಗುತ್ತೆ, ಗೊತ್ತು. ಎಷ್ಟು ಪೇಪರು, ಯಾವ ಪತ್ರಿಕೆ ಅನ್ನೋ ಕಾಲಂ ಪಕ್ಕದಲ್ಲಿ, ನೀನು ಅಂದ್ಕೊಂಡಿದ್ದು ಯಾವ್ದು ತಪ್ಪಾಯ್ತು, ಅದನ್ನ ಎಲ್ಲಿ ಬರೆದಿದ್ದೀಯ ಅಂತ ಇನ್ನೊಂದು ಕಾಲಂ ಹಾಕಿ ಅಂತೀನಿ. ಎಳೆಯರಿಗೆ ಇದು ಅನ್ಯಾಯ ಅಂತ ಒಬ್ಬರು ವಾದ ಮಾಡಿದ್ರು, ಮಿಲ್ಲರ್‌ಗೆ ಮೆಡಲ್ ಇತ್ತು, ಸೋತೆ ಅಂತ ಹೇಳೋಕೆ ಧೈರ್ಯ ಇತ್ತು, ಕಾಂಟ್ರಾಕ್ಟ್ ಕೆಲಸದಲ್ಲಿರೋ ಹುಡುಗಿ ಸೋತೆ ಅಂದ್ರೆ ಮುಂದಿನ ವರ್ಷ ಕೆಲಸ ಇರುತ್ತಾ ಅಂತ. ಅದು ನಿಜವಾದ ಮಾತು, ಅದಕ್ಕೆ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ. ಅದಕ್ಕೇ ಅವಾರ್ಡ್ ಕೊಡೋರು ಮೊದಲು ಬದಲಾಗ್ಲಿ ಅಂತೀನಿ, ತಗೊಳ್ಳೋರಲ್ಲ. ತುಮಕೂರಿನ ಕೌಂಟರ್ ಕಥೆನೇ ಇಲ್ಲೂ, ಆಚೆ ಕೂತವರದ್ದು.

ಫಾರಂ ವಿಷಯ. ಅಮೆರಿಕದ ಆ ಎರಡೂ ಅವಾರ್ಡುಗಳ ರೂಲ್ಸು, ಯಾರು ಹಾಕಬಹುದು, ನಾಮಿನೇಷನ್ ಹೇಗೆ, ಎಲ್ಲಾ ಆಯಾ ಸಂಸ್ಥೆಯವರನ್ನೇ ಕೇಳಿ, ವರ್ಷ ವರ್ಷ ಬದಲಾಗ್ತಿರುತ್ತೆ, ನಾನು ಬಾಯಲ್ಲಿ ಹೇಳಿ ನೀವು ತಪ್ಪು ಮಾಡೋದು ಬೇಡ. ಬೆಳಿಗ್ಗೆ ಕೇಳಿದ ಹುಡುಗಿ ಇಲ್ಲೇ ಎರಡನೇ ಸಾಲಲ್ಲಿ ಕೂತಿದ್ದಾಳೆ, ಕಾಫಿ ಬ್ರೇಕಲ್ಲಿ ಹೇಳಿದ್ಲು, ಅವಳ ಥೀಸಿಸಲ್ಲೂ ಏನೂ ಬಂದಿಲ್ಲವಂತೆ, ಗೈಡು ಡೇಟಾ ಇನ್ನೊಂದ್ಸಲ ನೋಡು, ಸಿಗುತ್ತೆ ಅಂತಿದ್ದಾರಂತೆ. ನೋಡಮ್ಮ, ನೀನು ಊಟ ಆದ್ಮೇಲೆ ಆ ಡೇಟಾ ಟೇಬಲ್ ತಂದು ನನಗೆ ತೋರ್ಸು, ಇಬ್ಬರೂ ಕೂತ್ಕೊಂಡು ಅದು ನಿಜವಾಗ್ಲೂ ಏನೂ ಇಲ್ಲದ್ದಾ, ಅಥವಾ ಹಾಲಿನ ಲೆಕ್ಕನಾ ಅಂತ ನೋಡೋಣ. ಆಮೇಲೆ, ಈ ಫೈಲು ಇವತ್ತು ಬೀರುವಿಂದ ತಂದಿದ್ದೀನಿ, ಕ್ಯಾಲೆಂಡರ್ ಸ್ಟಡಿಯದು, ಹಿಂದೆ ಒಂದು ಕ್ಯಾಲೆಂಡರ್ ಕೂಡ ಇದೆ, ಹಾಲಿನ ಲೆಕ್ಕ ಸಮೇತ, ಆ ಮನೆಯವರು ವರ್ಷ ಮುಗಿದ ಮೇಲೆ ನೀವೇ ಇಟ್ಕೊಳಿ ಅಂತ ಕೊಟ್ಟಿದ್ದು. ಟೇಬಲ್ ಮೇಲೆ ಇಡ್ತೀನಿ, ಬೇಕಾದವರು ಜೆರಾಕ್ಸ್ ಮಾಡ್ಕೊಂಡು ವಾಪಸ್ ತಂದಿಡಿ. ಪಿನ್ನು ತುಕ್ಕು ಹಿಡಿದಿದೆ, ತೆಗೆಯುವಾಗ ಕೈ ಹುಷಾರು.